ಒಂದು ಅಲಗು ಮುರಿದರೆ

ಈ ದಿನ ನಾನು ಆರಿಸಿಕೊಂಡಿರುವ ವಿಷಯ ಮೊದಲ ನೋಟಕ್ಕೆ ಪಟ್ಟಣದವರದಲ್ಲವೆನಿಸಬಹುದು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹುಲ್ಲು ಹೊಡೆಯುವ ಯಂತ್ರ, ಅದರ ಅಲಗುಗಳು, ಅವುಗಳ ಬೋಲ್ಟು ನಟ್ಟುಗಳು: ಇದೇ ವಿಷಯ. ಆದರೆ ಪಟ್ಟಣದಲ್ಲಿ ಮನೆ, ಹಳ್ಳಿಯಲ್ಲಿ ತೋಟ ಇರುವ ಸಂಸಾರಗಳು ನಮ್ಮಲ್ಲಿ ಎಷ್ಟಿಲ್ಲ! ಕೆಲಸ ನಡೆಯುವುದು ಅಲ್ಲಿ, ಹಣ ಹೋಗುವುದು ಇಲ್ಲಿಂದ. ತೋಟವಿಲ್ಲದವರ ಬಡಾವಣೆಯಲ್ಲಿಯೂ ಮಳೆಗಾಲ ಕಳೆಯುವ ಹೊತ್ತಿಗೆ ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಕಳೆ ಎದೆಯುದ್ದ ಬೆಳೆದಿರುತ್ತದೆ. ಶಾಲೆಯ ಮೈದಾನವಿರಲಿ, ಉದ್ಯಾನವಿರಲಿ, ಅದನ್ನು ಬಳಿಯಲು ಬರುವುದು ಇದೇ ಯಂತ್ರ. ನಮ್ಮ ಮಕ್ಕಳು ಅದನ್ನು ನೋಡುತ್ತ ಪಕ್ಕದಲ್ಲೇ ನಿಂತಿರುತ್ತಾರೆ. ಆದುದರಿಂದ ಈ ಮಾತು ನಮಗೂ ಸೇರಿದ್ದು.

ಈ ಯಂತ್ರವನ್ನು ಇಂಗ್ಲಿಷಿನಲ್ಲಿ ಫ್ಲೇಲ್ ಮೋವರ್ ಎನ್ನುತ್ತಾರೆ. ಇದೇ ಬಗೆಯ, ಇನ್ನೂ ಗಟ್ಟಿಮುಟ್ಟಾದ ಯಂತ್ರಕ್ಕೆ ನಮ್ಮ ರೈತರು ಮಲ್ಚರ್ ಎಂದೇ ಹೇಳುತ್ತಾರೆ. ಫ್ಲೇಲ್ ಎಂದರೆ ಹಿಂದೆ ಯೂರೋಪಿನ ರೈತರು ಕಣದಲ್ಲಿ ತೆನೆ ಬಡಿಯುತ್ತಿದ್ದ ಕೋಲು. ಎರಡು ಕೋಲುಗಳನ್ನು ತೊಗಲಿನ ಪಟ್ಟಿಯಿಂದಲೋ ಸರಪಳಿಯಿಂದಲೋ ಜೋಡಿಸಿ, ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಬೀಸಿ ಬಡಿಯುವುದು. ಯಂತ್ರದ ಹೆಸರು ಆ ಕೋಲಿನಿಂದಲೇ ಬಂದದ್ದು. ಟ್ರ್ಯಾಕ್ಟರಿಗೆ ಅಡ್ಡಲಾಗಿ ಉಕ್ಕಿನ ಒಂದು ಉರುಳೆ ಇರುತ್ತದೆ. ಇದಕ್ಕೆ ರೋಟರ್ ಎಂದು ಹೆಸರು. ಅದರ ಮೈಮೇಲೆ ಬೆಸುಗೆ ಹಾಕಿದ ಕಿವಿಗಳಿಗೆ ಇಪ್ಪತ್ತೋ ಮೂವತ್ತೋ ಅಲಗುಗಳು ಬೋಲ್ಟಿನ ಮೇಲೆ ಜೋಲಾಡುತ್ತಿರುತ್ತವೆ. ಉರುಳೆ ತಿರುಗಿದೊಡನೆ ಎಲ್ಲವೂ ನೆಟ್ಟಗೆ ಹೊರಕ್ಕೆ ಚಾಚಿಕೊಳ್ಳುತ್ತವೆ. ಕಲ್ಲು ಅಡ್ಡ ಬಂದರೆ ಅಲಗು ಹಿಂದಕ್ಕೆ ಮಡಚಿಕೊಂಡು, ದಾಟಿದ ಮೇಲೆ ಮತ್ತೆ ಚಾಚುತ್ತದೆ. ಇದರ ಜಾಣತನವೆಲ್ಲ ಆ ಜೋಲಾಟದಲ್ಲಿದೆ.

ನಮ್ಮ ನಾಡಿನಲ್ಲಿ ಈ ಯಂತ್ರಕ್ಕೆ ಬೇಡಿಕೆ ಬಂದದ್ದು ಬೆಂಕಿಯ ಕಾರಣದಿಂದ. ಭತ್ತದ ಕೂಳೆ ಸುಡುವುದನ್ನು ತಡೆಯಲು ಕೇಂದ್ರ ಸರ್ಕಾರ 2018-19ರಲ್ಲಿ ಪಂಜಾಬ್, ಹರಿಯಾಣ, ಉತ್ತರ ಪ್ರದೇಶ ಮತ್ತು ದೆಹಲಿಗಳಲ್ಲಿ ಯಂತ್ರಗಳಿಗೆ ಸಹಾಯಧನ ಕೊಡತೊಡಗಿದಾಗ ಆ ಪಟ್ಟಿಯಲ್ಲಿ ಮಲ್ಚರ್ ಸಹ ಇತ್ತು. ನಮ್ಮಲ್ಲಿಯೂ ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿ ಇದೆಯಲ್ಲ, ಮಂಡ್ಯದ ಕಡೆಯವರು ತರಗು ಎನ್ನುವುದು, ಬೆಳಗಾವಿಯ ಕಡೆಯವರು ರವದಿ ಎನ್ನುವುದು, ಅದಕ್ಕೆ ಬೆಂಕಿಯಿಡುವ ಬದಲು ಪುಡಿಮಾಡಿ ನೆಲಕ್ಕೇ ಹಾಸುವುದು ಮೇಲು. ನೆಲದ ತೇವ ಉಳಿಯುತ್ತದೆ, ಕ್ರಮೇಣ ಗೊಬ್ಬರವೂ ಆಗುತ್ತದೆ. ಯಂತ್ರವನ್ನು ಕೊಳ್ಳಲಾರದವರು ಬಾಡಿಗೆಗೆ ತರುತ್ತಾರೆ.

ಇನ್ನು ಅಲಗಿನ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ಬ್ಲೇಡು ಕೊಡಿ ಎಂದರೆ ಸಾಲದು. ಮುಖ್ಯವಾಗಿ ಎರಡು ಬಗೆ. ಮೊದಲನೆಯದು ವೈ ಬ್ಲೇಡು. ಬಾಗಿಸಿದ ಎರಡು ಪಟ್ಟಿಗಳು ಒಂದೇ ಬೋಲ್ಟಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು, ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂತೆ ತೂಗುತ್ತವೆ. ಇದು ಹಗುರ; ಟ್ರ್ಯಾಕ್ಟರಿನ ಶಕ್ತಿಯನ್ನು ಕಡಿಮೆ ಬೇಡುತ್ತದೆ. ತೆಂಗಿನ ತೋಟದ ಹುಲ್ಲು, ಮೈದಾನದ ಕಳೆ, ಎಳೆಯ ಗಿಡಗಳಿಗೆ ಇದು ಸಾಕು. ಎರಡನೆಯದು ಸುತ್ತಿಗೆ ಬ್ಲೇಡು. ದಪ್ಪ, ಭಾರ, ಅಗಲವಾದ ಬಾಯಿ. ಇದು ಕೊಯ್ಯುವುದಕ್ಕಿಂತ ಹೆಚ್ಚಾಗಿ ಜಜ್ಜಿ ಸೀಳುತ್ತದೆ. ಹಾವೇರಿ, ದಾವಣಗೆರೆಗಳ ಮೆಕ್ಕೆಜೋಳದ ದಂಟು, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಚಾಟಣಿ ಮಾಡಿ ಸಾಲಿನ ನಡುವೆ ಬಿಟ್ಟ ಕಡ್ಡಿ, ಇವುಗಳಿಗೆ ಸುತ್ತಿಗೆಯೇ ಬೇಕು. ವೈ ಬ್ಲೇಡಿನಿಂದ ಕಡ್ಡಿ ಹೊಡೆಸಿದರೆ ಬ್ಲೇಡು ಬಾಗುತ್ತದೆ. ಸುತ್ತಿಗೆಯಿಂದ ಮೈದಾನದ ಹುಲ್ಲು ಹೊಡೆಸಿದರೆ ಡೀಸೆಲ್ ದಂಡ, ಕತ್ತರಿಕೆಯೂ ಒರಟು. ಇನ್ನೊಂದು ಎಚ್ಚರಿಕೆಯಿದೆ. ಒಂದು ಉರುಳೆಗೆ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಯಿಸಲು ತಯಾರಕರು ಅವಕಾಶ ಕೊಟ್ಟಿದ್ದರೆ ಮಾತ್ರ ಬದಲಾಯಿಸಬೇಕು. ರಂಧ್ರ ಹೊಂದಿತೆಂದು ಭಾರದ ಸುತ್ತಿಗೆಯನ್ನು ಹಗುರ ಉರುಳೆಗೆ ತಗುಲಿಸಬಾರದು.

ಏಕೆಂದು ಕೇಳುವಿರಾ? ಸ್ವಲ್ಪ ಲೆಕ್ಕ ಹಾಕೋಣ. ಟ್ರ್ಯಾಕ್ಟರಿನ ಹಿಂದೆ ಶಕ್ತಿ ಕೊಡುವ ದಂಡ, ಅಂದರೆ ಪಿ.ಟಿ.ಓ. ಷಾಫ್ಟು, ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಗೇರು ಪೆಟ್ಟಿಗೆ ಮತ್ತು ಬೆಲ್ಟುಗಳು ಆ ವೇಗವನ್ನು ಹೆಚ್ಚಿಸಿ ಉರುಳೆಯನ್ನು ಸುಮಾರು 2000 ಸುತ್ತಿಗೆ ಮುಟ್ಟಿಸುತ್ತವೆ. ಯಂತ್ರದಿಂದ ಯಂತ್ರಕ್ಕೆ ಇದು ಹೆಚ್ಚು ಕಡಿಮೆ ಇರಬಹುದು. ಅಲಗಿನ ತುದಿ ಉರುಳೆಯ ನಡುವಿನಿಂದ 24 ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ವೇಗ ಗಂಟೆಗೆ ಸುಮಾರು 180 ಕಿಲೋಮೀಟರ್. ಒಂದು ಕಿಲೋ ತೂಕದ ಸುತ್ತಿಗೆ, ಅದರ ಭಾರ 20 ಸೆಂಟಿಮೀಟರ್ ದೂರದಲ್ಲಿ ಕೂಡಿದೆಯೆಂದಿಟ್ಟುಕೊಳ್ಳಿ, ತನ್ನ ಬೋಲ್ಟನ್ನು ಹೊರಕ್ಕೆ ಜಗ್ಗುವ ಬಲ ಸುಮಾರು 900 ಕಿಲೋ ಭಾರಕ್ಕೆ ಸಮ. ಒಂದು ಕಿಲೋ ವಸ್ತು, ಒಂಬತ್ತು ಕ್ವಿಂಟಾಲಿನ ಸೆಳೆತ!

ಎದುರುಬದುರು ಅಲಗುಗಳು ಸಮತೂಕವಾಗಿದ್ದಾಗ ಈ ಸೆಳೆತಗಳು ಒಂದನ್ನೊಂದು ಸರಿದೂಗಿಸುತ್ತವೆ. ಉರುಳೆ ನಿರಾತಂಕವಾಗಿ ತಿರುಗುತ್ತದೆ. ಒಂದು ಮುರಿದು ಬಿತ್ತೆನ್ನಿ, ಎದುರಿನದು ಒಂಟಿಯಾಗಿ ಜಗ್ಗುತ್ತದೆ. ಸೆಕೆಂಡಿಗೆ 33 ಬಾರಿ ಉರುಳೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಎಳೆದಂತಾಗುತ್ತದೆ. ಇನ್ನು ಮುರಿದ ಜಾಗಕ್ಕೆ ಹೊಸದೊಂದನ್ನು ಹಾಕಿದಿರಿ, ಎದುರಿನ ಹಳೆಯದು ಸವೆದು 100 ಗ್ರಾಂ ಕಳೆದುಕೊಂಡಿದೆ ಎಂದುಕೊಳ್ಳಿ. ಆ 100 ಗ್ರಾಮಿನ ವ್ಯತ್ಯಾಸವೇ 90 ಕಿಲೋ ಬಲವಾಗಿ ಬೇರಿಂಗನ್ನು ಗುದ್ದುತ್ತದೆ. ಚಾಲಕನಿಗೆ ಆಸನದಲ್ಲಿ ನಡುಕ ತಿಳಿಯುತ್ತದೆ. ಕೆಲವು ದಿನಗಳಲ್ಲಿ ಬೇರಿಂಗ್ ಬಿಸಿಯಾಗಿ ಕೂಗತೊಡಗುತ್ತದೆ, ಬೆಸುಗೆಯ ಕಿವಿಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ, ಬೋಲ್ಟುಗಳು ಸಡಿಲವಾಗುತ್ತವೆ. ಕಡೆಗೊಂದು ದಿನ ಕಿತ್ತುಬರುವ ಅಲಗು ಯಾವ ದಿಕ್ಕಿಗೆ ಹಾರುತ್ತದೆಂದು ಯಾರು ಬಲ್ಲರು?

ಆದುದರಿಂದ ತೋಟದಿಂದ ಯಾರಾದರೂ, “ಯಜಮಾನ್ರೇ, ಒಂದು ಬ್ಲೇಡು ಹೋಗಿದೆ, ಒಂದೇ ತಂದು ಹಾಕಿಬಿಡಲೇ?” ಎಂದು ಕೇಳಿದರೆ ಉತ್ತರ ಹೀಗಿರಲಿ. ಉಳಿದವು ಹೊಸದರಂತೆಯೇ ಇದ್ದರೆ ಮುರಿದದ್ದನ್ನೂ ಅದರ ನೇರ ಎದುರಿನದನ್ನೂ ಜೋಡಿಯಾಗಿ ಬದಲಾಯಿಸಿ. ಉಳಿದವು ಸವೆದಿದ್ದರೆ ಪೂರಾ ಜೊತೆಯನ್ನೇ ಬದಲಾಯಿಸಿ. ಹೊಸ ಅಲಗುಗಳನ್ನು ತಂದಾಗ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ, ಸಮತೂಕದ ಎರಡೆರಡನ್ನು ಎದುರುಬದುರು ಜಾಗಕ್ಕೆ ಆರಿಸಿಟ್ಟುಕೊಳ್ಳಬಹುದು. ಇದಕ್ಕೆ ಹಿಡಿಯುವುದು ಅರ್ಧ ಗಂಟೆ.

ಅಲಗನ್ನು ಬದಲಾಯಿಸುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? ಹುಲ್ಲನ್ನೇ ನೋಡಿ. ಹರಿತವಿದ್ದರೆ ತುದಿ ಒಂದೇ ಸಮ ಕತ್ತರಿಸಿರುತ್ತದೆ. ಮೊಂಡಾಗಿದ್ದರೆ ಸೀಳಿ ಜೂಲಾಗಿ ಮರುದಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಯಂತ್ರ ಹೋದ ಮೇಲೆಯೂ ಸಾಲು ಸಾಲಾಗಿ ಹುಲ್ಲು ನಿಂತಿದ್ದರೆ ಆ ಸಾಲಿನ ಅಲಗು ಸವೆದಿದೆ, ಇಲ್ಲವೇ ಬಿದ್ದುಹೋಗಿದೆ. ಬಳಿಕ ರಂಧ್ರವನ್ನು ನೋಡಿ. ದುಂಡಾಗಿದ್ದದ್ದು ಮೊಟ್ಟೆಯಾಕಾರವಾಗಿದ್ದರೆ, ಬಾಯಿ ಎಷ್ಟೇ ಹರಿತವಿರಲಿ, ಆ ಅಲಗಿನ ಆಯುಷ್ಯ ಮುಗಿಯಿತು. ಬಿರುಕು ಕಂಡರಂತೂ ಎರಡನೆಯ ಯೋಚನೆಯೇ ಬೇಡ. ಕೆಲವು ಅಲಗುಗಳಿಗೆ ಎರಡು ಬಾಯಿಗಳಿರುತ್ತವೆ. ಒಂದು ಬದಿ ಮೊಂಡಾದಾಗ ತಿರುಗಿಸಿ ಹಾಕಬಹುದು. ತಿರುಗಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ತಿರುಗಿಸಬೇಕು.

ಸವೆದ ಅಲಗಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಲೋಹ ತುಂಬಿಸುವ ಪದ್ಧತಿಯುಂಟು. ಇದು ಉಳಿತಾಯವೆಂದು ತೋರುತ್ತದೆ, ಆದರೆ ಅಲ್ಲ. ಒಳ್ಳೆಯ ಅಲಗನ್ನು ಬೋರಾನ್ ಬೆರೆತ ಉಕ್ಕಿನಂಥ ಉಕ್ಕಿನಿಂದ ಮಾಡಿ, ಕಾಯಿಸಿ ತಣಿಸಿ ಹದ ಕೊಟ್ಟಿರುತ್ತಾರೆ. ಹದ ಕಡಿಮೆಯಾದರೆ ಬೇಗ ಸವೆಯುತ್ತದೆ. ಹೆಚ್ಚಾದರೆ ಗಾಜಿನಂತೆ ಒಡೆಯುತ್ತದೆ. ವೆಲ್ಡಿಂಗಿನ ಬಿಸಿ ಆ ಹದವನ್ನು ಕೆಡಿಸುತ್ತದೆ. ತೂಕವೂ ಒಂದೊಂದಕ್ಕೆ ಒಂದೊಂದಾಗುತ್ತದೆ. ವೈ ಬ್ಲೇಡುಗಳನ್ನು ಸಾಣೆ ಹಿಡಿಯಬಹುದು. ಆದರೆ ಎಲ್ಲಕ್ಕೂ ಸಮನಾಗಿ ಹಿಡಿಯಬೇಕು, ಆಗಾಗ ನೀರಿಗೆ ಅದ್ದುತ್ತಿರಬೇಕು. ಅಂಚಿಗೆ ನೀಲಿ ಬಣ್ಣ ಬಂದಿತೆಂದರೆ ಹದ ಹೋಯಿತೆಂದು ಅರ್ಥ.

ಅಲಗಿನಷ್ಟೇ ಮುಖ್ಯವಾದದ್ದು ಬೋಲ್ಟು. ಒಂಬತ್ತು ಕ್ವಿಂಟಾಲಿನ ಸೆಳೆತವನ್ನು ಹೊರುವುದು ಅದೇ ತಾನೆ? ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚೊತ್ತಿರುತ್ತದೆ. ಅದು ಬಲದ ಗುರುತು. 10.9 ಹೆಚ್ಚು ಬಲವುಳ್ಳದ್ದು. ತಯಾರಕರ ಕೈಪಿಡಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಬೇಕು. ಗುರುತಿಲ್ಲದ ಅಗ್ಗದ ಬೋಲ್ಟು ಉದ್ದ ದಪ್ಪಗಳಲ್ಲಿ ಹೊಂದಿದರೂ ಬೇಡ. ಅಲಗು ಜೋಲಾಡುವುದು ಬೋಲ್ಟಿನ ನುಣುಪಾದ ಭಾಗದ ಮೇಲೆ ಆಗಬೇಕೇ ಹೊರತು ಮರೆಸುತ್ತಿನ ಮೇಲಲ್ಲ. ಮರೆಸುತ್ತು ಗರಗಸದಂತೆ ರಂಧ್ರವನ್ನು ತಿನ್ನುತ್ತದೆ, ತಾನೂ ಕತ್ತರಿಸಿಹೋಗುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ಟುಗಳನ್ನು ಒಮ್ಮೆ ಬಿಚ್ಚಿದರೆ ಆ ಬಳೆಯ ಹಿಡಿತ ಸಡಿಲಾಗುತ್ತದೆ. ಹೊಸ ಅಲಗಿಗೆ ಹೊಸ ಬೋಲ್ಟು, ಹೊಸ ನಟ್ಟು, ಬುಷ್ ಇರುವಲ್ಲಿ ಹೊಸ ಬುಷ್. ಅಲಗಿನ ಬೆಲೆ ಕೇಳುವಾಗಲೇ ಇವುಗಳನ್ನೂ ಸೇರಿಸಿ ಕೇಳಿ.

ಬದಲಾಯಿಸುವ ಕ್ರಮದಲ್ಲಿ ಅವಸರ ಸಲ್ಲದು. ಸಮನೆಲದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ, ಪಿ.ಟಿ.ಓ. ಬಿಡಿಸಿ, ಎಂಜಿನ್ ಆರಿಸಿ, ಬ್ರೇಕು ಹಾಕಿ, ಬೀಗದ ಕೈ ಜೇಬಿಗೆ ಸೇರಬೇಕು. ಎಂಜಿನ್ ನಿಂತ ಮೇಲೆಯೂ ಉರುಳೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಯಂತ್ರವನ್ನು ಎತ್ತಿದ ಮೇಲೆ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಅಥವಾ ಉಕ್ಕಿನ ಆಧಾರ ಕೊಡಬೇಕು. ಹೈಡ್ರಾಲಿಕ್ ಎತ್ತುಗೈಯನ್ನೇ ನಂಬಿ ಅಡಿಗೆ ಕೈ ತೂರಿಸುವುದು ಪ್ರಾಣದ ಜೂಜು. ಷಾಫ್ಟನ್ನು ಕಳಚಿಡಿ. ಉರುಳೆ ತಿರುಗದಂತೆ ಮರದ ತುಂಡು ಒಡ್ಡಿ, ದಪ್ಪ ಕೈಚೀಲ ಹಾಕಿಕೊಂಡು ಒಂದೊಂದೇ ಅಲಗನ್ನು ಬಿಚ್ಚಿ ಹಾಕಿ. ಹಾಕಿದ ಪ್ರತಿಯೊಂದೂ ಬೆರಳಿನಿಂದ ತಳ್ಳಿದರೆ ಸರಾಗವಾಗಿ ಜೋಲಾಡಬೇಕು. ಉರುಳೆಯ ತುದಿಗಳಿಗೆ ಸುತ್ತಿಕೊಂಡ ನಾರು, ತಂತಿ, ಗೊಬ್ಬರದ ಚೀಲದ ಎಳೆಗಳನ್ನು ಆಗಲೇ ಬಿಡಿಸಿಬಿಡಿ. ಬೇರಿಂಗಿನ ಮುಚ್ಚಳವನ್ನು ತಿನ್ನುವುದು ಅವೇ. ಎಲ್ಲ ಮುಗಿದ ಮೇಲೆ ಉರುಳೆಯನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಳ್ಳಿ. ಮೊದಲ ಒಂದೆರಡು ಗಂಟೆ ಕೆಲಸವಾದ ಬಳಿಕ ಯಂತ್ರವನ್ನು ಮತ್ತೆ ಹೀಗೆಯೇ ನಿಲ್ಲಿಸಿ ನಟ್ಟುಗಳನ್ನು ಬಿಗಿಮಾಡಿ ನೋಡಿ.

ಉಳಿದ ಭಾಗಗಳ ಬಗ್ಗೆ ಎರಡೇ ಮಾತು. ಒಂದಕ್ಕಿಂತ ಹೆಚ್ಚು ಬೆಲ್ಟುಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹೊಸದೊಂದೇ ಇದ್ದರೆ ಹೊರೆಯೆಲ್ಲ ಅದರ ಮೇಲೆ ಬೀಳುತ್ತದೆ. ಯಂತ್ರದ ಮುಂದೆ ಹಿಂದೆ ತೂಗುವ ಸರಪಳಿಗಳು, ರಬ್ಬರಿನ ಪರದೆಗಳು ಅಲಂಕಾರಕ್ಕಲ್ಲ. ಹಾರುವ ಕಲ್ಲನ್ನು ತಡೆಯುವವು ಅವು. ಒಂದು ಹರಿದಿದ್ದರೂ ಕೆಲಸಕ್ಕೆ ಮೊದಲು ಹಾಕಿಸಬೇಕು. ಪಿ.ಟಿ.ಓ. ಷಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವೂ ಹಾಗೆಯೇ. ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವ ಆ ದಂಡ ಪಂಚೆಯ ಅಂಚನ್ನೋ ಸೀರೆಯ ಸೆರಗನ್ನೋ ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಇದೆಲ್ಲವನ್ನೂ ಮಾಡುವವನು ಚಾಲಕ. ನಾವು ಏನು ಮಾಡಬೇಕು? ಹಣ ಕೊಡುವವರು ನಾವಾದರೆ, ಪೂರಾ ಜೊತೆಗೆ ಹಣ ಕೇಳಿದಾಗ ಚೌಕಾಶಿ ಮಾಡದೆ ಕೊಡುವುದು ಮೊದಲ ಕೆಲಸ. ಒಂದು ಅಲಗಿನ ಉಳಿತಾಯಕ್ಕೆ ಕೈಹಾಕಿ ಬೇರಿಂಗ್, ಬೆಲ್ಟು, ಕೊನೆಗೆ ಉರುಳೆಯನ್ನೇ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಬಾಡಿಗೆಗೆ ತರುವವರು ಯಂತ್ರ ಹೊಲಕ್ಕಿಳಿಯುವ ಮೊದಲೇ ಅಲಗುಗಳನ್ನು ಎಣಿಸಿ, ಪರದೆಗಳನ್ನು ನೋಡಿ ಒಪ್ಪಿಕೊಳ್ಳಲಿ. ಹೊಡೆಸುವ ಜಾಗವನ್ನು ಮೊದಲು ಕಾಲ್ನಡೆಯಲ್ಲಿ ಸುತ್ತಿ ಕಲ್ಲು, ತಂತಿ, ಸೀಸೆಗಳನ್ನು ಆರಿಸಿ ತೆಗೆಯಬೇಕು. ಪಾರ್ಥೇನಿಯಂ ಆದರೆ ಹೂ ಬಿಡುವ ಮೊದಲೇ ಹೊಡೆಸಬೇಕು. ಬೀಜ ಕಟ್ಟಿದ ಮೇಲೆ ಹೊಡೆಸಿದರೆ ಬಿತ್ತಿದಂತೆಯೇ ಸರಿ.

ಕೊನೆಯದಾಗಿ, ನಿಮ್ಮ ಬೀದಿಯ ಮೈದಾನದಲ್ಲಿ ಈ ಯಂತ್ರ ಓಡುತ್ತಿದ್ದರೆ ಮಕ್ಕಳನ್ನು ಒಳಕ್ಕೆ ಕರೆಯಿರಿ. ಐವತ್ತು ಮೀಟರಿಗಿಂತ ಹತ್ತಿರ ಯಾರೂ ನಿಲ್ಲದಿರಲಿ. ಕೈಪಿಡಿ ಇನ್ನೂ ಹೆಚ್ಚಿನ ದೂರ ಹೇಳಿದ್ದರೆ ಅದನ್ನೇ ಪಾಲಿಸಿ. ಗಂಟೆಗೆ 180 ಕಿಲೋಮೀಟರ್ ವೇಗದ ಅಲಗಿಗೆ ಸಿಕ್ಕ ಗೋಲಿಯಷ್ಟು ಕಲ್ಲಿಗೆ ಮಗುವಿನ ಕಣ್ಣು ಯಾವುದು, ಗೋಡೆ ಯಾವುದು ಎಂದು ತಿಳಿಯದು. ತಿಳಿದಿರಬೇಕಾದವರು ನಾವು.