ಮನೆಯ ಕಸ, ನಮ್ಮ ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)





ಶಿಕ್ಷಣ ಸಂಘದ ಸಭೆಯಲ್ಲಿ ಕಸದ ವಿಷಯವೇಕೆ ಎಂದು ನಿಮಗೆ ಅನಿಸಬಹುದು. ನಮ್ಮ ಫಿಖ್ಹ್ ಗ್ರಂಥಗಳು ಶುರುವಾಗುವುದೇ ತಹಾರತ್, ಅಂದರೆ ಶುದ್ಧಿಯ ಅಧ್ಯಾಯದಿಂದ. ದಾರಿಯಲ್ಲಿ ಬಿದ್ದ ಮುಳ್ಳು, ಕಲ್ಲು ಸರಿಸುವುದೂ ಸದಖಾ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ವುಜೂ ಮಾಡುವಾಗ ಕೈಕಾಲು ತಿಕ್ಕಿ ತೊಳೆಯುವ ನಾವು, ಮನೆಯ ಕಸವನ್ನು ಒಂದೇ ಚೀಲದಲ್ಲಿ ಗಂಟು ಕಟ್ಟಿ ಖಾಲಿ ಸೈಟಿಗೆ ಎಸೆಯುತ್ತೇವೆ. ಇದು ಯಾವ ತಹಾರತ್?

ಎಸೆದ ಕಸ ಎಲ್ಲಿಗೆ ಹೋಗುತ್ತದೆ? ಮಂಗಳೂರಿನ ಪಚ್ಚನಾಡಿಯಲ್ಲಿ ನಗರದ ಕಸ ವರ್ಷಗಟ್ಟಲೆ ಗುಡ್ಡವಾಗಿ ಬೆಳೆಯಿತು. 2019ರ ಆಗಸ್ಟ್ ತಿಂಗಳ ಮಳೆಗೆ ಆ ಗುಡ್ಡ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ಜಾರಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಆ ತೋಟದವರು ಮಾಡಿದ ತಪ್ಪೇನು? ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರು ಗ್ರಾಮಗಳ ಜನರೂ ಬೀದಿಗಿಳಿದು ಹೋರಾಡಿದ ಮೇಲೆಯೇ ಅಲ್ಲಿಗೆ ಲಾರಿಗಳು ಬರುವುದು ನಿಂತದ್ದು. ನೆರೆಯವರ ಹಕ್ಕಿನ ಬಗ್ಗೆ ಜುಮಾ ಬಯಾನಿನಲ್ಲಿ ಕೇಳುತ್ತೇವಲ್ಲ, ಇವರೂ ನಮ್ಮ ನೆರೆಯವರೇ.

ಮಕ್ಕಳೇ, ಇಲ್ಲಿ ವಿಜ್ಞಾನ ಬಹಳ ಸರಳ. ತರಕಾರಿ ಸಿಪ್ಪೆ, ಉಳಿದ ಅನ್ನ ಗಾಳಿಯಾಡುವ ಕಡೆ ಬಿದ್ದರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ, ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ, ಕಪ್ಪು ನೀರು ಇಳಿದು ಬಾವಿ ಸೇರುತ್ತದೆ. ಇನ್ನು ಸಾರು ಮೆತ್ತಿದ ಕಾಗದವನ್ನು ಗುಜರಿಯವರೂ ಮುಟ್ಟುವುದಿಲ್ಲ. ಬೆರೆಸಿದ್ದರಿಂದ ಎರಡೂ ಕೆಟ್ಟವು. ಗುಜರಿ ವ್ಯಾಪಾರದಲ್ಲಿ ನಮ್ಮ ಸಮುದಾಯದವರು ಎಷ್ಟೋ ಜನ ಇದ್ದಾರೆ. ಒಣಗಿದ ರದ್ದಿಗೂ ಒದ್ದೆಯಾದ ರದ್ದಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸವೆಂದು ಅವರನ್ನೇ ಕೇಳಿ.

ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮನೆಯಲ್ಲೇ ಬೇರೆ ಮಾಡಬೇಕೆಂದು 2016ರ ಕೇಂದ್ರದ ನಿಯಮಗಳೇ ಹೇಳಿದವು. ಅಡುಗೆಮನೆಯಲ್ಲಿ ಎರಡು ಡಬ್ಬಿ, ಒಂದು ಚೀಲ ಸಾಕು. ಒಡೆದ ಗಾಜು, ಬ್ಲೇಡು, ಹಳೆಯ ಬಲ್ಬನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಿ. ಡಯಾಪರ್, ಪ್ಯಾಡ್‌ಗಳನ್ನೂ ಸುತ್ತಿ ಗುರುತು ಹಾಕಿ. ಅದನ್ನು ಬರಿಗೈಯಲ್ಲಿ ಆರಿಸುವ ಪೌರಕಾರ್ಮಿಕರೂ ಒಬ್ಬ ತಾಯಿಯ ಮಕ್ಕಳು. ಹಿತ್ತಲಿದ್ದವರು ಸಿಪ್ಪೆಯ ಮೇಲೆ ಒಣ ಎಲೆ, ತೆಂಗಿನ ನಾರಿನ ಪುಡಿ ಹಾಕುತ್ತಾ ಬಂದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಮೂಳೆ, ಮಾಂಸ ಮಾತ್ರ ಅದಕ್ಕೆ ಬೇಡ, ಇಲಿ ಬರುತ್ತವೆ. ಕುರ್ಬಾನಿಯ ತ್ಯಾಜ್ಯವನ್ನು ನಗರಸಭೆಯ ಗಾಡಿಗೇ ಕೊಡಬೇಕು. ಚರಂಡಿಗೆ ಹಾಕಿ ಹಬ್ಬದ ಮರುದಿನ ಊರೆಲ್ಲ ಮೂಗು ಮುಚ್ಚುವಂತೆ ಮಾಡುವುದು ಇಬಾದತ್‌ಗೆ ಶೋಭೆಯಲ್ಲ.

ಆದರೆ ಬೇರೆ ಮಾಡುವುದಕ್ಕಿಂತ ಮೊದಲಿನದು, ಕಸವನ್ನೇ ಕಡಿಮೆ ಮಾಡುವುದು. ಇಲ್ಲಿ ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಹಿರಿಯರು ಮಾಫ್ ಮಾಡಬೇಕು. ವಲೀಮಾ ಊಟದಲ್ಲಿ ತಟ್ಟೆಯಲ್ಲೇ ಬಿಟ್ಟ ಬಿರಿಯಾನಿ ಹಂಡೆಗಟ್ಟಲೆ ಆಚೆ ಹೋಗುತ್ತದೆ. ತಟ್ಟೆಗೆ ಅಂಟಿದ ಅಗುಳನ್ನೂ ಬಿಡಬಾರದೆಂಬ ಸುನ್ನತ್ ಇರುವ ಮನೆಗಳಲ್ಲೇ ಇಂಥ ಇಸ್ರಾಫ್! ಇಫ್ತಾರಿನ ಕಾಗದದ ಲೋಟವಂತೂ ಹೆಸರಿಗೆ ಮಾತ್ರ ಕಾಗದ. ಒಳಗೆ ತೆಳು ಪ್ಲಾಸ್ಟಿಕ್ ಲೇಪವಿರುವುದರಿಂದ ಅದು ಗೊಬ್ಬರಕ್ಕೂ ಆಗದು, ರದ್ದಿಗೂ ಆಗದು. ಒಂದು ಮಸೀದಿಗೆ ಇನ್ನೂರು ಸ್ಟೀಲ್ ಲೋಟ ಕೊಡಿಸಿದರೆ ಹತ್ತಾರು ರಂಜಾನಿಗೆ ಬರುತ್ತವೆ. ಸದಖಾ ಎ ಜಾರಿಯಾ ಎಂದರೆ ಬೋರ್‌ವೆಲ್ ಒಂದೇ ಅಲ್ಲ.

ವಿದ್ಯಾರ್ಥಿಗಳೇ, ವರ್ಷದ ಕೊನೆಗೆ ನಿಮ್ಮ ನೋಟ್ ಪುಸ್ತಕಗಳಲ್ಲಿ ಉಳಿಯುವ ಖಾಲಿ ಹಾಳೆ ಬಿಡಿಸಿ ಹೊಲಿದರೆ ಒಂದು ರಫ್ ಪುಸ್ತಕವಾಗುತ್ತದೆ. ಮನೆಯಲ್ಲಿ ಡಬ್ಬಿ ಬೇರೆ ಮಾಡುವುದನ್ನು ಅಮ್ಮಿಯ ಪಾಲಿಗೇ ಬಿಡಬೇಡಿ, ಅಣ್ಣತಮ್ಮಂದಿರೂ ಕೈ ಹಚ್ಚಿ.

ಈಗ ಊಟದ ಹೊತ್ತಾಯಿತು. ಗೇಟಿನ ಪಕ್ಕ ಎರಡು ಡ್ರಮ್ ಇಡಿಸಿದ್ದೇವೆ. ಎಲೆ ಮತ್ತು ಉಳಿದ ಅನ್ನ ಹಸಿರು ಡ್ರಮ್ಮಿಗೆ, ನೀರಿನ ಬಾಟಲಿ ನೀಲಿಗೆ. ಎಂಟನೇ ತರಗತಿಯ ಇಬ್ಬರು ಮಕ್ಕಳು ಅಲ್ಲೇ ನಿಂತಿರುತ್ತಾರೆ, ತಪ್ಪಿ ಹಾಕಿದವರು ಹಿರಿಯರಾದರೂ ಬಿಡುವುದಿಲ್ಲ ಎಂದಿದ್ದಾರೆ.