ಎರಡು ಸಹಿಗಳ ಹಾಳೆ
(ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚೆಸ್ ಆಟಗಾರರ ಹಸ್ತಾಕ್ಷರ ಸಂಗ್ರಹಿಸುವ ನನ್ನ ಹವ್ಯಾಸದ ಬಗ್ಗೆ ನಾಲ್ಕು ಮಾತನಾಡಲು ಸಮಿತಿಯವರು ಹೇಳಿದ್ದಾರೆ. ಅವರಿಗೆ ವಂದನೆಗಳು.

ಕ್ರಿಕೆಟ್ ಬ್ಯಾಟಿನ ಮೇಲೆ ಆಟಗಾರ ಸಹಿ ಹಾಕುವುದು ಅಭಿಮಾನಿಗಾಗಿ. ಚೆಸ್‌ನಲ್ಲಿ ಸಹಿ ನಿಯಮದ ಭಾಗ. ದೊಡ್ಡ ಪಂದ್ಯಗಳಲ್ಲಿ ಇಬ್ಬರೂ ತಮ್ಮ ನಡೆಯನ್ನೂ ಎದುರಾಳಿಯ ನಡೆಯನ್ನೂ ಸ್ಕೋರ್‌ಶೀಟಿನಲ್ಲಿ ಬರೆಯುತ್ತಾರೆ. ಆಟ ಮುಗಿದ ಮೇಲೆ ಎರಡೂ ಹಾಳೆಗಳಿಗೆ ಇಬ್ಬರೂ ಸಹಿ ಹಾಕುತ್ತಾರೆ, ಗೆದ್ದವರೂ, ಸೋತವರೂ. ಮೂಲ ಹಾಳೆ ಸಂಘಟಕರದ್ದು, ಆಟಗಾರರ ಕೈಗೆ ಸಿಗುವುದು ಕಾರ್ಬನ್ ಪ್ರತಿ. ಸಹಿ ಇರುವ ಫೋಟೊ, ಪುಸ್ತಕ, ಚೆಸ್ ಬೋರ್ಡುಗಳನ್ನೂ ಜನ ಕೂಡಿಡುತ್ತಾರೆ. ಆದರೆ ಸ್ಕೋರ್‌ಶೀಟ್ ಇದ್ದರೆ ನೂರು ವರ್ಷದ ನಂತರವೂ ಆ ಆಟವನ್ನು ಪುನಃ ಆಡಿ ನೋಡಬಹುದು.

1972ರಲ್ಲಿ ಐಸ್‌ಲ್ಯಾಂಡಿನಲ್ಲಿ ಫಿಷರ್ ಮತ್ತು ಸ್ಪಾಸ್ಕಿ ಆಡಿದ ವಿಶ್ವ ಚಾಂಪಿಯನ್‌ಶಿಪ್‌ಗೆ ತೀರ್ಪುಗಾರರಾಗಿದ್ದ ಜರ್ಮನಿಯ ಲೋಥರ್ ಶ್ಮಿಡ್ ಚೆಸ್ ಪುಸ್ತಕಗಳ ದೊಡ್ಡ ಸಂಗ್ರಾಹಕರು. ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು. ಭಾರತದ ಹಸ್ತಾಕ್ಷರಗಳನ್ನು ಸಾಲಾಗಿ ಇಟ್ಟರೆ ಒಂದು ಚರಿತ್ರೆಯೇ ಆಗುತ್ತದೆ: 1961ರಲ್ಲಿ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನ್ಯುವೆಲ್ ಆರನ್, 1988ರಲ್ಲಿ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್, 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್, 2024ರಲ್ಲಿ ಹದಿನೆಂಟರ ಹರೆಯದಲ್ಲೇ ವಿಶ್ವ ಚಾಂಪಿಯನ್ ಆದ ಗುಕೇಶ್.

ಮಕ್ಕಳೇ, ಹಣ ಕೊಟ್ಟು ಸಹಿ ಕೊಳ್ಳಲು ಹೋಗಬೇಡಿ. ನಕಲಿ ಸಹಿಗಳೂ ಇವೆ, ನಕಲಿ ಪ್ರಮಾಣಪತ್ರಗಳೂ ಇವೆ. ಪಂದ್ಯಕ್ಕೆ ಹೋಗಿ, ಆಟ ಮುಗಿದ ಮೇಲೆ ವಿನಯದಿಂದ ಕೇಳಿ. ಆಗಷ್ಟೇ ಸೋತವರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಡಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ, ಸ್ಥಳ ಬರೆದಿಡಿ. ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಲಿಗೆ ತೂಗುಹಾಕಬೇಡಿ. ನಮ್ಮ ಆಟಿ ತಿಂಗಳ ತೇವ ಕಾಗದಕ್ಕೆ ದೊಡ್ಡ ಶತ್ರು. ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ನೋಡಿ.

ಇನ್ನು ಒಂದು ಕೋರಿಕೆ. ಶಾಲೆಯ ಕಪಾಟಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಗೆದ್ದವರ ಕಪ್ಪು. ಎದುರು ಕುಳಿತು ಆಡಿದ ಮಗುವಿನ ಹೆಸರು ಅದರಲ್ಲಿ ಇರುವುದಿಲ್ಲ. ಆದರೆ ಉದ್ಯಾವರ ಸೋತವರನ್ನು ಮರೆತ ಊರಲ್ಲ. ಆಳುಪರ ಕಾಲದಲ್ಲಿ ಇಲ್ಲಿ ನಡೆದ ಕಾಳಗಗಳಲ್ಲಿ ಮಡಿದವರ ಹೆಸರುಗಳು ವೀರಗಲ್ಲುಗಳಲ್ಲಿ ಇಂದಿಗೂ ಇವೆ. ಕಲ್ಲಿಗೆ ಸಾಧ್ಯವಾದದ್ದು ಕಾಗದಕ್ಕೂ ಸಾಧ್ಯ. ಜೋಪಾನ ಮಾಡುವವರು ಬೇಕು ಅಷ್ಟೆ.

ಈ ಸುವರ್ಣ ವರ್ಷದಿಂದ ನಮ್ಮ ಶಾಲೆಯ ಪ್ರತಿ ಚೆಸ್ ಪಂದ್ಯದಲ್ಲೂ ಮಕ್ಕಳು ನಡೆಗಳನ್ನು ಬರೆಯಲಿ, ಇಬ್ಬರೂ ಸಹಿ ಹಾಕಲಿ, ಹಾಳೆಗಳು ಶಾಲೆಯ ಕಡತ ಸೇರಲಿ. ಅದಕ್ಕೆ ಬೇಕಾದ ಫೈಲು, ಲಕೋಟೆಗಳ ಖರ್ಚು ನನಗಿರಲಿ. ಹಳೆ ವಿದ್ಯಾರ್ಥಿಗಳ ಮನೆಯಲ್ಲಿ ಶಾಲಾ ಆಟೋಟಗಳ ಹಳೆಯ ಹಾಳೆ, ಫೋಟೊ ಇದ್ದರೆ ಪ್ರತಿ ಮಾಡಿ ಕೊಡಿ.

ಮುಂದೊಂದು ದಿನ ಇವರಲ್ಲಿ ಒಬ್ಬರು ಗ್ರ್ಯಾಂಡ್‌ಮಾಸ್ಟರ್ ಆದರೆ ಅವರ ಮೊದಲ ಸಹಿ ನಮ್ಮಲ್ಲಿ ಇರುತ್ತದೆ. ಆಗದಿದ್ದರೂ, ಆಡಿದ ಪ್ರತಿ ಮಗುವಿನ ಸಹಿ ಇರುತ್ತದೆ.