ಸಂಬಳ, ಬಿಟ್ಟಿ, ಮುಷ್ಕರ: ನಮ್ಮ ಬಾಯ ಮಾತುಗಳ ಹುಟ್ಟು

(ಕಾರ್ಮಿಕರ ವಾಚನಾಲಯದ ಸಂಜೆ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ಮಾತಿನ ಮೇಲೆಯೇ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇವೆ. ಅಕ್ಕಿ, ಬಾಡಿಗೆ, ಬೋನಸ್ಸು ಇಷ್ಟೆಲ್ಲ ತಾಪತ್ರಯ ಇರುವಾಗ ಪದಗಳ ಪುರಾಣ ಯಾರಿಗೆ ಬೇಕು ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕಿವಿಗೆ ಬಿತ್ತು. ಅವರಿಗೆ ಉತ್ತರವಾಗಿ ಮೊದಲು ಒಂದು ನಡೆದ ಸಂಗತಿ ಹೇಳುತ್ತೇವೆ.

ನಮಗೆ ಬೇಕಾದ ಒಬ್ಬರು ಹತ್ತೊಂಬತ್ತು ವರ್ಷ ನೂಲಿನ ಖಾತೆಯಲ್ಲಿ ದುಡಿದವರು. ಊರಾಗಲಿ, ಗಿರಣಿಯಾಗಲಿ ಯಾವುದೆಂದು ಹೇಳುವುದಿಲ್ಲ. ಪಾಳಿಯ ವಿಷಯದಲ್ಲಿ ಮೇಲಿನವರೊಂದಿಗೆ ತಕರಾರಾಯಿತು. ಒಂದು ವಾರ ಹೊರಗೆ ನಿಲ್ಲಿಸಿದರು. ಎಂಟನೆಯ ದಿನ ಗುಮಾಸ್ತರು ಕರೆದು, "ರಾಜಿ ಆಯಿತಪ್ಪ, ಇಲ್ಲಿ ಹೆಬ್ಬೆಟ್ಟು ಒತ್ತು" ಎಂದರು. ಇವರು ಸಂತೋಷದಿಂದ ಒತ್ತಿದರು. ಮರುದಿನ ಬುತ್ತಿ ಕಟ್ಟಿಕೊಂಡು ಹೋದರೆ ಬಾಗಿಲಲ್ಲಿ ಬಿಡಲಿಲ್ಲ. ಹೆಬ್ಬೆಟ್ಟು ಒತ್ತಿದ್ದ ಕಾಗದದ ತಲೆಯ ಮೇಲೆ ಇದ್ದದ್ದು ರಾಜಿ ಅಲ್ಲ, ರಾಜಿನಾಮೆ. ನಾವು ಅರ್ಜಿ ಬರೆದು ಓಡಾಡಿದೆವು. ಗುರುತು ನಿಮ್ಮದೇ ತಾನೆ ಎಂಬ ಒಂದೇ ಪ್ರಶ್ನೆಗೆ ಎಲ್ಲವೂ ಮುಗಿಯಿತು.

ಈಗ ನೋಡಿ. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಪಾರಸಿ ಕಚೇರಿಗಳಿಂದ ಬಂದ ಈ ಮಾತಿಗೆ ಹುಟ್ಟು ಅರ್ಥ ಒಪ್ಪಿಗೆ ಪತ್ರವೆಂದೇ. ಮುಂಬಯಿ ಪ್ರಾಂತದ ಕಂದಾಯ ಕಚೇರಿಗಳಲ್ಲಿ ರೈತನು ತನ್ನ ಜಮೀನನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಕಾಗದಕ್ಕೆ ಇದೇ ಹೆಸರು. ಬಿಡುವುದಕ್ಕೆ ನಾನು ರಾಜಿ ಎಂಬ ಪತ್ರ. ಹೀಗೆ ರಾಜಿ ಎಂಬುದು ಜಗಳ ತೀರಿಸುವ ಮಾತಾಗಿ ಉಳಿಯಿತು, ರಾಜಿನಾಮೆ ಎಂಬುದು ಇದ್ದುದನ್ನು ಬಿಡುವ ಮಾತಾಯಿತು. ಎರಡರ ನಡುವೆ ಎರಡೇ ಅಕ್ಷರದ ಅಂತರ. ಆ ಎರಡು ಅಕ್ಷರದ ಹಳ್ಳಕ್ಕೆ ಹತ್ತೊಂಬತ್ತು ವರ್ಷದ ದುಡಿಮೆ ಬಿತ್ತು. ಪದಗಳ ಪುರಾಣ ಯಾರಿಗೆ ಬೇಕು ಎಂದವರಿಗೆ ಇಷ್ಟು ಸಾಕೆಂದು ತಿಳಿಯುತ್ತೇವೆ.

ಇನ್ನು ನಮ್ಮ ದಿನದ ಮಾತುಗಳಿಗೆ ಬರೋಣ. ಮೊದಲು ಕೈಗೆ ಬರುವ ಹಣದ ಹೆಸರುಗಳು.

ಮೈಸೂರು ಕಡೆ ಸಂಬಳ ಎನ್ನುತ್ತೇವೆ. ಸಂಸ್ಕೃತದಲ್ಲಿ ಶಂಬಲವೆಂದರೆ ದಾರಿಯ ಬುತ್ತಿ. ಪಯಣಿಗನು ಊರು ಬಿಡುವಾಗ ಕಟ್ಟಿಕೊಂಡು ಹೋಗುವ ಅನ್ನ. ತಿಂಗಳೆಂಬ ದಾರಿಯನ್ನು ನಡೆಯಲು ಕೊಡುವ ಬುತ್ತಿಯೇ ಸಂಬಳವೆಂದಾಯಿತು. ಇಪ್ಪತ್ತನೆಯ ತಾರೀಖಿಗೆ ಬುತ್ತಿ ಮುಗಿದು ಮಿಕ್ಕ ಹತ್ತು ದಿನದ ದಾರಿಯನ್ನು ನಾವು ಉದ್ರಿಯ ಮೇಲೆ ನಡೆಯುತ್ತೇವೆ ಎಂಬುದು ಬೇರೆ ಮಾತು.

ಹುಬ್ಬಳ್ಳಿ, ಬೆಳಗಾವಿ ಕಡೆ ಅದೇ ಪಗಾರ. ಇದು ಮರಾಠಿ ಮಾತು ಎಂದು ಮೂಗು ಮುರಿಯುವವರಿದ್ದಾರೆ. ಮರಾಠಿಯ ಮೂಲಕ ಬಂದದ್ದು ನಿಜ, ಆದರೆ ಮರಾಠಿಯದೂ ಅಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಭಾಷೆಯಲ್ಲಿ ಪಗಾರ್ ಎಂದರೆ ಕೊಡು, ಸಲ್ಲಿಸು. ನಮ್ಮ ಮೇಸ್ತ್ರಿಯೂ ಅದೇ ಹಡಗಿನಲ್ಲಿ ಬಂದವನು. ಅವರಲ್ಲಿ ಮೆಸ್ತ್ರೆ ಎಂದರೆ ಗುರು, ಕಸಬು ಕಲಿತವನು. ಕಸಬು ಕಲಿಸುವ ಗುರುವಾಗಿದ್ದವನು ನಮ್ಮಲ್ಲಿಗೆ ಬಂದು ಆಳುಗಳನ್ನು ಎಣಿಸುವ ಮೇಸ್ತ್ರಿಯಾದ.

ಕೂಲಿ ಎಂಬುದು ನಮ್ಮದೇ ದ್ರಾವಿಡ ಮಾತು. ತಮಿಳಿನಲ್ಲೂ ಕನ್ನಡದಲ್ಲೂ ಮೂಲ ಅರ್ಥ ದುಡಿತಕ್ಕೆ ಸಲ್ಲುವ ಪ್ರತಿಫಲ. ಕೂಲಿ ಎಷ್ಟು ಎಂದು ಕೇಳುವುದು ಸರಿ. ಆದರೆ ಬರಬರುತ್ತ, ನಾಲ್ಕು ಕೂಲಿಗಳನ್ನು ಕರೆ ಎನ್ನಲು ತೊಡಗಿದರು. ಪ್ರತಿಫಲದ ಹೆಸರು ಮನುಷ್ಯನ ಹೆಸರಾಯಿತು. ಅಂಗಡಿಯವರೆ, ನಿಮ್ಮನ್ನು ಯಾರಾದರೂ 'ಎಲೈ ಲಾಭ' ಎಂದು ಕೂಗಿದರೆ ಹೇಗಿದ್ದೀತು? ಇಂಗ್ಲಿಷರ 'ಕೂಲಿ'ಯ ಮೂಲ ಗುಜರಾತಿನ ಕೋಳಿ ಜನರ ಹೆಸರೆಂದು ಕೆಲವು ಪಂಡಿತರು, ನಮ್ಮ ಕೂಲಿಯೇ ಎಂದು ಇನ್ನು ಕೆಲವರು ಹೇಳುತ್ತಾರೆ. ಮೂಲ ಏನೇ ಇರಲಿ, ಕರಾರಿನ ಮೇಲೆ ಮಾರಿಷಸ್, ನಟಾಲ್, ಫಿಜಿಗಳ ಕಬ್ಬಿನ ಗದ್ದೆಗೆ ಹೋದ ನಮ್ಮವರಿಗೆಲ್ಲ ಆ ಹೆಸರು ಅಂಟಿತು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಗಾಂಧಿಯವರನ್ನೂ ಅಲ್ಲಿನ ಬಿಳಿಯರು ಕೂಲಿ ಬ್ಯಾರಿಸ್ಟರ್ ಎಂದೇ ಕರೆದರು.

ಇದಕ್ಕಿಂತ ಕಹಿಯಾದುದು ಜೀತದ ಕತೆ. ಜೀವಿತ ಎಂಬ ಮಾತು ಸವೆದು ಜೀತವಾಗಿದೆ. ಜೀವನಕ್ಕೆ ಸಾಕಾಗುವ ವೇತನ ಎಂದು ಅರ್ಥ. ಕೋಲಾರದ ಗಡಿ ದಾಟಿ ಆಂಧ್ರಕ್ಕೆ ಹೋಗಿ ನೋಡಿ, ತೆಲುಗಿನಲ್ಲಿ ಇಂದಿಗೂ ಜೀತವೆಂದರೆ ತಿಂಗಳ ಸಂಬಳ. ಅಲ್ಲಿಯ ಮೇಷ್ಟರೂ ಜೀತ ತೆಗೆದುಕೊಳ್ಳುತ್ತಾರೆ, ತಹಸೀಲ್ದಾರರೂ ಜೀತ ತೆಗೆದುಕೊಳ್ಳುತ್ತಾರೆ. ಗಡಿಯ ಈಚೆಗೆ ಅದೇ ಜೀತ ಅಪ್ಪನ ಸಾಲಕ್ಕೆ ಮಗ ಒತ್ತೆ ಬೀಳುವ ಬಾಳು. 1976ರ ಕಾನೂನು ಜೀತ ಪದ್ಧತಿಯನ್ನು ರದ್ದು ಮಾಡಿತು. ಆದರೆ ಸಂಬಳವೆಂಬ ಅರ್ಥವಿದ್ದ ಮಾತು ಗುಲಾಮಗಿರಿಯ ಮಾತಾಗಲು ಎಷ್ಟು ತಲೆಮಾರು ಸಂಬಳವಿಲ್ಲದೆ ದುಡಿದಿರಬೇಕು ಎಂದು ಲೆಕ್ಕ ಹಾಕಿ.

ಬಿಟ್ಟಿಯೂ ಹಾಗೆಯೇ. ಸಂಸ್ಕೃತದ ವಿಷ್ಟಿಯೇ ಕನ್ನಡದ ಬಿಟ್ಟಿ. ಕೂಲಿ ಕೊಡದೆ ಬಲವಂತದಿಂದ ಮಾಡಿಸುವ ಕೆಲಸಕ್ಕೆ ಆ ಹೆಸರು. ಹಳೆಯ ಶಾಸನಗಳಲ್ಲಿ ಅದು ತೆರಿಗೆಗಳ ಸಾಲಿನಲ್ಲೇ ಬರುತ್ತದೆ. ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿದೆ. ಈಗ ನಾವು 'ಬಿಟ್ಟಿ ಸಿಕ್ಕಿತು' ಎಂದು ನಗುತ್ತ ಹೇಳುತ್ತೇವೆ. ಕೊಟ್ಟವನ ನೋವಿನ ಮಾತು ಪಡೆದವನ ಬಾಯಲ್ಲಿ ಸಂತೋಷದ ಮಾತಾಗಿದೆ. ಬಿಟ್ಟಿ ಸಿಕ್ಕ ಪ್ರತಿಯೊಂದಕ್ಕೂ ಎಲ್ಲೋ ಒಬ್ಬ ಬೆವರು ಸುರಿಸಿದ್ದಾನೆ ಎಂಬ ಗುಟ್ಟನ್ನು ಆ ಪದ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ.

ರೈತನನ್ನಂತೂ ಕೇಳಲೇಬೇಡಿ. ಅರಬ್ಬಿಯಲ್ಲಿ ರಯ್ಯತ್ ಎಂದರೆ ಕುರುಬನು ಮೇಯಿಸುವ ಮಂದೆ. ದೊರೆ ಕುರುಬ, ಪ್ರಜೆ ಕುರಿ. ಆ ಮಾತು ಕಂದಾಯದ ಕಡತದೊಳಗೆ ನಮ್ಮ ನಾಡಿಗೆ ಬಂತು. ಇಲ್ಲಿಯ ಬೇಸಾಯಗಾರನು ಆ ಹೆಸರನ್ನು ತಲೆಯ ಮೇಲೆ ಹೊತ್ತು, ಉತ್ತು ಬಿತ್ತಿ, ಕೊನೆಗೆ ಅದನ್ನು ಮರ್ಯಾದೆಯ ಮಾತನ್ನಾಗಿ ಮಾಡಿದ. ಪದಗಳು ಕೆಳಕ್ಕೆ ಬೀಳುವುದೇ ಅಲ್ಲ, ದುಡಿಯುವ ಕೈ ಬಿದ್ದರೆ ಮೇಲಕ್ಕೂ ಏಳುತ್ತವೆ. ಕಾಯಕವೂ ಅಂಥ ಮಾತೇ. ಕಾಯ ಎಂದರೆ ದೇಹ. ಮೈ ದಂಡಿಸಿ ಮಾಡುವುದನ್ನು ಹನ್ನೆರಡನೆಯ ಶತಮಾನದ ಶರಣರು ಪೂಜೆಯ ಸಮಕ್ಕೆ ಏರಿಸಿದರು. ಅವರಲ್ಲಿ ಹಗ್ಗ ಹೊಸೆಯುವ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಕಟ್ಟಿಗೆ ಮಾರುವ ಮಾರಯ್ಯ ಇದ್ದರು ಎಂಬುದನ್ನು ಮರೆಯಬಾರದು.

ಈಗ ಮುಷ್ಕರಕ್ಕೆ ಬರುತ್ತೇವೆ. ಈ ಮಾತಿನ ಹಳೆಯ ಅರ್ಥ ಹಠ, ಮೊಂಡುತನ. ತೆಲುಗಿನವರು ಮುಷ್ಕರನೆಂದರೆ ದುಷ್ಟನೆಂದೇ ತಿಳಿಯುತ್ತಾರೆ. ಕೆಲಸ ನಿಲ್ಲಿಸಿ ಕೂತವರನ್ನು ನೋಡಿ ಮಾಲೀಕನ ಮನಸ್ಸಿಗೆ ಬರುವ ಹೆಸರು ಇದು. ಆದರೆ ಮರಾಠಿ ಕಾರ್ಮಿಕರು ಅದನ್ನೇ ಸಂಪು ಎಂದರು. ಮುಂಬಯಿಯ ಗಿರಣಿಗಳಲ್ಲಿ ದುಡಿದು ಬಂದ ನಮ್ಮವರ ಬಾಯಲ್ಲೂ ಅದೇ ಮಾತು. ಗುಜರಾತಿಯಲ್ಲಿ ಸಂಪ್ ಎಂದರೆ ಒಗ್ಗಟ್ಟು. ವ್ಯಾಪಾರಿಗಳದು ಹರತಾಳ. ಗುಜರಾತಿಯ ಆ ಮಾತಿನಲ್ಲಿ ಅಂಗಡಿಯೂ ಇದೆ, ಬೀಗವೂ ಇದೆ. ಒಂದೇ ಸಂಗತಿಗೆ ಮೂರು ಹೆಸರು. ಒಂದು ಕಡೆಯಿಂದ ನೋಡಿದರೆ ಮೊಂಡುತನ, ಇನ್ನೊಂದು ಕಡೆಯಿಂದ ಒಗ್ಗಟ್ಟು, ಮತ್ತೊಂದು ಕಡೆಯಿಂದ ಅಂಗಡಿಗೆ ಬೀಗ. ಯಾರು ಎಲ್ಲಿ ನಿಂತು ನೋಡುತ್ತಾರೆ ಎಂಬುದನ್ನು ಮಾತೇ ಹೇಳಿಬಿಡುತ್ತದೆ.

ಪೇಟೆಯ ಗೆಳೆಯರಿಗೆ ಬೇಸರವಾಗಬಾರದು, ನಿಮ್ಮ ಸರದಿ ಬಂದಿದೆ. 'ಇಂದು ನಗದು, ನಾಳೆ ಉದ್ರಿ' ಎಂದು ಹಲಗೆ ತೂಗಹಾಕುತ್ತೀರಿ. ಉದ್ರಿಯ ಮೂಲ ಉದ್ಧಾರ. ಮೇಲೆತ್ತುವುದಕ್ಕೂ ಸಾಲಕ್ಕೂ ಸಂಸ್ಕೃತದಲ್ಲಿ ಅದೊಂದೇ ಮಾತು. ಉದ್ರಿ ತಂದವನು ಉದ್ಧಾರವಾದನೋ, ಕೊಟ್ಟವನು ಮುಳುಗಿದನೋ ನಿಮ್ಮ ಖಾತೆ ಪುಸ್ತಕವೇ ಹೇಳಬೇಕು.

ಮೆಣಸಿನ ವ್ಯಾಪಾರದಲ್ಲಿ ಇನ್ನೊಂದು ತಮಾಷೆ ಇದೆ. ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಕಾಳಿಗೆ ಮೆಣಸು ಎಂಬುದು ಹುಟ್ಟು ಹೆಸರು. ಅಮೆರಿಕ ಖಂಡದ ಖಾರದ ಕಾಯಿಯನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ತಂದರು. ಅದಕ್ಕೆ ನಮ್ಮವರು ಮೆಣಸಿನಕಾಯಿ ಎಂದರು. ಹೊಸಬನು ಬ್ಯಾಡಗಿಯಿಂದ ಹಿಡಿದು ಎಲ್ಲೆಡೆ ಬೇರೂರಿದ. ಮನೆಯ ಯಜಮಾನನಾಗಿದ್ದ ಹಳೆಯ ಮೆಣಸು ತನ್ನ ಗುರುತಿಗೆ ಕರಿಮೆಣಸು, ಕಾಳುಮೆಣಸು ಎಂದು ಹೇಳಿಕೊಳ್ಳಬೇಕಾಯಿತು. ದಕ್ಷಿಣ ಕನ್ನಡದವರು ಮಾತ್ರ ಹಳಬನ ಮಾನ ಉಳಿಸಿ ಒಳ್ಳೆಮೆಣಸು ಎನ್ನುತ್ತಾರೆ.

ಅಳತೆಯ ಮಾತಂತೂ ಹೊಟ್ಟೆಯ ಮಾತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಕಿಡಿ ಹೊತ್ತಿದ್ದು ಕೊಳಗದಿಂದ. ಗೇಣಿ ಅಳೆಯುವ ಕೊಳಗ ದೊಡ್ಡದಾಗಿತ್ತು. ಹೆಸರು ಅದೇ ಕೊಳಗ, ಒಳಗಿನ ಹೊಟ್ಟೆ ಬೇರೆ. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಆರಂಭವಾದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಪದ ಒಂದೇ ಇದ್ದರೂ ಅದರ ಅಳತೆ ಯಾರ ಕೈಯಲ್ಲಿದೆ ಎಂದು ಕೇಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಾಣ್ಯಗಳು ಸತ್ತರೂ ಮಾತು ಸಾಯುವುದಿಲ್ಲ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ಹೋಗಿ ನೂರು ಪೈಸೆಯ ರೂಪಾಯಿ ಬಂತು. ನಾಲ್ಕಾಣೆ ಎಂದು ನಾವು ಕರೆಯುತ್ತಲೇ ಇದ್ದ ಇಪ್ಪತ್ತೈದು ಪೈಸೆಯ ನಾಣ್ಯವೂ 2011ರಲ್ಲಿ ಚಲಾವಣೆಯಿಂದ ಹೋಯಿತು. ಆದರೂ ಪೂರಾ ನಿಜವಾದುದು ನಮಗೆ ಇಂದಿಗೂ ಹದಿನಾರಾಣೆ ನಿಜ. ಹಣ, ದುಡ್ಡು, ವರಹ ಒಂದೊಂದೂ ಒಂದು ಕಾಲದಲ್ಲಿ ಒಂದೊಂದು ನಾಣ್ಯದ ಹೆಸರು. ಹಣ ಚಿನ್ನದ ಚಿಕ್ಕ ನಾಣ್ಯ, ದುಡ್ಡು ತಾಮ್ರದ್ದು. ಬಡವನ ತಾಮ್ರವೇ ಕೊನೆಗೆ ಎಲ್ಲ ಸಂಪತ್ತಿಗೂ ಹೆಸರು ಕೊಟ್ಟಿತು. ಧಾರವಾಡದ ಕಡೆ ಅದೇ ರೊಕ್ಕ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಹೀಗೆ ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ನಕಾಶೆ ಒಂದಾದಷ್ಟು ಬೇಗ ಕಿವಿ ಒಂದಾಗಲಿಲ್ಲ. ವಿಜಾಪುರದಿಂದ ಬಂದ ಹುಡುಗ ಕೀಲಿಕೈ ಎಂದರೆ ಬೀಗದ ಕೈಯವರು ನಗುತ್ತಾರೆ. ಶೇಂಗಾ ಎಂದರೆ ಕಡಲೆಕಾಯಿಯವರು ನಗುತ್ತಾರೆ. ದಾವಣಗೆರೆಯ ಮಂಡಕ್ಕಿಯೇ ಮೈಸೂರಿನ ಪುರಿ, ಹುಬ್ಬಳ್ಳಿಯ ಚುರುಮುರಿ. ತಿನ್ನುವ ಹಸಿವು ಮೂರು ಕಡೆಯೂ ಒಂದೇ. ಆಡುಮಾತಿಗೆ ನಕ್ಕಾಗ ಆ ಹುಡುಗ ಬಾಯಿ ಮುಚ್ಚುತ್ತಾನೆ. ಬಾಯಿ ಮುಚ್ಚಿದವನು ಕೂಲಿ ಕಡಿಮೆ ಬಂದರೂ ಕೇಳುವುದಿಲ್ಲ, ಕಾಗದದಲ್ಲಿ ಏನಿದೆ ಎಂದೂ ಕೇಳುವುದಿಲ್ಲ. ನಮ್ಮ ನಗೆಯಿಂದ ಲಾಭವಾದುದು ಯಾರಿಗೆ?

ಮೊದಲು ಹೇಳಿದ ಆ ಗೆಳೆಯರು ಈಗ ಬಸ್ ನಿಲ್ದಾಣದ ತಿರುವಿನಲ್ಲಿ ಮಂಡಕ್ಕಿ ಮಾರುತ್ತಾರೆ. ಕಾರ್ಮಿಕರೂ ಆಗಿದ್ದವರು, ವ್ಯಾಪಾರಿಯೂ ಆದವರು. ಆದ್ದರಿಂದ ಈ ಸಭೆಯಲ್ಲಿರುವ ಎರಡು ಪಂಗಡಕ್ಕೂ ಅವರು ಸೇರಿದವರೇ. ಸಂಜೆ ನಾವು ಹೋದಾಗ ಪೊಟ್ಟಣ ಕಟ್ಟುವ ಹಳೆಯ ಕಾಗದವನ್ನು ಮೊದಲು ಬಿಡಿಸಿ, "ಇದರಲ್ಲಿ ಏನು ಬರೆದಿದೆ, ಓದಿ ಹೇಳಿ" ಎನ್ನುತ್ತಾರೆ. ಓದಿ ಹೇಳಿದ ಮೇಲೆಯೇ ಮಂಡಕ್ಕಿ ಸುರಿಯುತ್ತಾರೆ.

ಈ ವಾಚನಾಲಯದಲ್ಲಿ ಒಂದು ನಿಘಂಟು ಇದೆ, ಓದಿ ಹೇಳುವ ನಾಲ್ಕು ಜನ ಇದ್ದಾರೆ. ಯಾವ ಕಾಗದವಾಗಲಿ, ಯಾರು ಅವಸರ ಮಾಡಲಿ, "ಇದರ ಅರ್ಥ ಏನು?" ಎಂದು ಕೇಳದೆ ಹೆಬ್ಬೆಟ್ಟಿಗೆ ಮಸಿ ಹಚ್ಚಬೇಡಿ. ಕೇಳುವುದಕ್ಕೆ ನಾಚಿಕೆಯಾದರೆ ಇಲ್ಲಿಗೆ ಬನ್ನಿ, ನಾವು ಜೊತೆಗೆ ಬಂದು ಕೇಳುತ್ತೇವೆ. ಅದನ್ನು ಯಾರಾದರೂ ಮೊಂಡುತನ ಎಂದರೆ ಎನ್ನಲಿ.